ಹಾವು ಕಚ್ಚಿದ ದೋಣಿಗಳು

ದೋಣಿ ಶೆಡ್ಡಿನ ಮೆಟ್ಟಿಲು,
ತಾ. ೧೨, ಸೋಮವಾರ ಬೆಳಿಗ್ಗೆ

ಪ್ರೀತಿಯ ಚೋಟೂ,

ಹೇಗಿದ್ದೀಯ? ಕೆಮ್ಮು ನಿಂತಿತಾ? ಒದ್ದೆ ಕೂದಲಲ್ಲೇ ಮಲಗುವುದನ್ನು ಬಿಟ್ಟಿದ್ದೇನೆ ಎಂದು ನೀನು ಬರೆದದ್ದನ್ನು ನಾನು ನಂಬಿಲ್ಲ. ನಿನ್ನ ಶಿಬಿರದ ಮಕ್ಕಳು ಹುಟ್ಟು ಹಾಕುವುದನ್ನು ಕಲಿತರಾ, ಇಲ್ಲ ಇನ್ನೂ ಹುಟ್ಟಿನಿಂದ ಒಬ್ಬರ ತಲೆಗೆ ಒಬ್ಬರು ಕುಟ್ಟುತ್ತಿದ್ದಾರಾ? ಇಲ್ಲಿಂದ ಕೊಂಡುಹೋದ ಹಳದಿ ದೋಣಿ ಹೇಗಿದೆ? ನಾವೆಲ್ಲ ಆರಾಮ. ನಿನ್ನ ಭಾವನಿಗೆ ಸೊಂಟ ಹಿಡಿದಿದೆ, ಅದರ ಕಾರಣ ಮುಂದೆ ಬರುತ್ತದೆ. ಅಪ್ಪನೂ ಗಟ್ಟಿಮುಟ್ಟಾಗಿದ್ದಾನೆ. ಬೇಕಾದ್ದಕ್ಕಿಂತ ಹೆಚ್ಚೇ ಗಟ್ಟಿಯಾಗಿದ್ದಾನೆ ಎನ್ನುವುದೇ ಈ ಕಾಗದದ ವಿಷಯ. ನಿಮ್ಮಲ್ಲಿ ಫೋನು ಸಿಗುವುದಿಲ್ಲವಾದ್ದರಿಂದ ಎಲ್ಲ ಬರೆದು ಸಾಮಾನಿನ ವ್ಯಾನಿನವನ ಕೈಯಲ್ಲಿ ಕಳಿಸಬೇಕು. ಅವನು ಬಂದು ಹಾರ್ನು ಹೊಡೆಯುವುದರೊಳಗೆ ಮುಗಿಸುತ್ತೇನೆ.

ನಮ್ಮ ದೋಣಿಗಳಿಗೆ ಯಾರೋ ತೂತು ಕೊರೆಯುತ್ತಿದ್ದರು ಕಣೇ. ಕಲ್ಲಿಗೆ ತಾಗಿ ಆದ ತೂತು ನಿನಗೂ ಗೊತ್ತು, ಅಂಚು ಹರಿದು ಸುತ್ತಲೂ ಬೆಳ್ಳಗೆ ಕೆರೆದಿರುತ್ತದೆ. ಇವು ಹಾಗಲ್ಲ. ದುಂಡಗೆ, ನುಣ್ಣಗೆ, ಸಾಸಿವೆ ಕಾಳಿಗಿಂತ ಒಂದಿಷ್ಟು ದೊಡ್ಡವು. ಒಂಟಿಯಾಗಿ ಒಂದೂ ಇಲ್ಲ, ಎಲ್ಲಿ ನೋಡಿದರೂ ಜೋಡಿ. ಒಂದಕ್ಕೂ ಇನ್ನೊಂದಕ್ಕೂ ನಡುವೆ ಹೆಚ್ಚೂಕಡಿಮೆ ಒಂದು ಗೇಣು. ಥೇಟ್ ಹಾವು ಕಚ್ಚಿದ ಹಾಗೆ, ಹಾವಿನ ಬಾಯಿ ಮಾತ್ರ ಸ್ವಲ್ಪ ಅಗಲ. ಮೊದಲನೆಯ ಜೋಡಿ ನಿನ್ನ ಹಳದಿ ದೋಣಿಯದೇ, ನೀನು ಹೊರಡುವ ವಾರ ಸೀಟಿನ ಕೆಳಗೆ ಸಿಕ್ಕಿತಲ್ಲ, ಅದು. ನೀರಿನ ಬಾಟಲಿ ಕಟ್ಟಲು ನೀನೇ ಮೊಳೆ ಹೊಡೆದಿದ್ದೀಯ ಎಂದು ಬೈದಿದ್ದೆ. ನೀನು ‘ಅಕ್ಕಾ, ನಿನ್ನಾಣೆ ನಾನಲ್ಲ’ ಅಂದೆ. ಚಿಕ್ಕಂದಿನಿಂದಲೂ ಹೀಗೆ ಆಣೆ ಹಾಕಿ ಹಾಕಿ ನನ್ನ ಆಯುಸ್ಸು ಸವೆಸಿದವಳು ನೀನು, ಹಾಗಾಗಿ ನಂಬಲಿಲ್ಲ. ಆದರೂ ಕೆಲಸ ಮಾತ್ರ ಚೊಕ್ಕವಾಗಿ ಮಾಡಿಕೊಟ್ಟೆ. ನಮ್ಮ ದೋಣಿಗಳ ಈ ಪ್ಲಾಸ್ಟಿಕ್ಕಿಗೆ ಯಾವ ಅಂಟೂ ಹಿಡಿಯುವುದಿಲ್ಲ, ಕರಗಿದ ಪ್ಲಾಸ್ಟಿಕ್ಕೇ ಅದಕ್ಕೆ ಅಂಟು. ಅದೇ ದೋಣಿಯ ಅಂಚಿನಿಂದ ಹಳದಿ ಚೂರು ಕತ್ತರಿಸಿ, ತೂತಿನ ಸುತ್ತ ಉಪ್ಪುಕಾಗದದಲ್ಲಿ ಉಜ್ಜಿ, ಬಿಸಿಗಾಳಿ ಊದುವ ಹೀಟ್ ಗನ್ನಿನಿಂದ ಎರಡನ್ನೂ ಮೆತ್ತಗೆ ಮಾಡಿ, ಚಮಚದ ಬೆನ್ನಿನಿಂದ ಒತ್ತಿ ಕೂರಿಸಿದೆ. ಆಮೇಲೆ ಒಳಗೆ ನೀರು ತುಂಬಿ, ಕೆಳಗೆ ಒಣಬಟ್ಟೆ ಹಾಸಿ ಇಬ್ಬರೂ ಕಾದೆವು. ಒಂದು ಹನಿಯೂ ಬೀಳಲಿಲ್ಲ. ತೂತು ಎಲ್ಲಿತ್ತು ಎಂದು ಈಗ ಹುಡುಕು ನೋಡೋಣ ಎಂದು ನಾನು ಎಷ್ಟು ಜಂಬ ಪಟ್ಟೆ, ನಿನಗೆ ನೆನಪಿರಬೇಕು.

ನೀನು ಹೋದ ಮೇಲೆ ಹಸಿರು ದೋಣಿಯಲ್ಲಿ ಒಂದು ಜೋಡಿ, ಕೆಂಪಿನದರಲ್ಲಿ ಎರಡು ಜೋಡಿ. ನಾನು ಮುಚ್ಚುವುದು, ಅವರು ಕೊರೆಯುವುದು. ತೂತಿನ ದೋಣಿ ಬಾಡಿಗೆಗೆ ಕೊಡುತ್ತಾರೆ ಎಂಬ ಮಾತು ಒಮ್ಮೆ ಎದ್ದರೆ ಈ ಶೆಡ್ಡಿಗೆ ಬೀಗವೇ ಗತಿ. ನನ್ನ ಅನುಮಾನ ನೇರವಾಗಿ ಹೋದದ್ದು ಆಚೆ ದಡದಲ್ಲಿ ದೋಣಿ ಬಾಡಿಗೆಗೆ ಬಿಡುವ ಆ ಮೀಸೆಯವನ ಮೇಲೆ. ಎದುರು ಸಿಕ್ಕಾಗಲೆಲ್ಲ ಮನೆಯವರ ಯೋಗಕ್ಷೇಮ ಕೇಳುವ ಬದಲು ದೋಣಿಗಳ ಯೋಗಕ್ಷೇಮ ಕೇಳುತ್ತಾನೆ. ಅವನನ್ನು ಹಿಡಿಯಲು ಶೆಡ್ಡಿನ ಬಾಗಿಲಲ್ಲಿ ಮೈದಾ ಹಿಟ್ಟು ಉದುರಿಸಿಟ್ಟೆ. ಮಧ್ಯಾಹ್ನ ಹೋಗಿ ನೋಡಿದರೆ ಬೆಳ್ಳಗೆ ಹೆಜ್ಜೆಗಳು. ಹಿಂಬಾಲಿಸಿಕೊಂಡು ಹೋದೆ. ಹೆಜ್ಜೆಗಳು ಉದ್ದನೆಯ ದೋಣಿಯ ಹತ್ತಿರ ನಿಂತವು. ದೋಣಿಯೊಳಗೆ ನಿನ್ನ ಭಾವ, ಎದೆಯ ಮೇಲೆ ಕೈ ಜೋಡಿಸಿಕೊಂಡು ಗೊರಕೆ ಹೊಡೆಯುತ್ತಿದ್ದಾರೆ. ಲೆಕ್ಕ ನೋಡುತ್ತೇನೆ ಎಂದು ದಿನಾ ಶೆಡ್ಡಿಗೆ ಹೋಗುತ್ತಿದ್ದದ್ದು ಇದಕ್ಕೆ. ಸೊಂಟ ಹಿಡಿದದ್ದೂ ಇದರಿಂದಲೇ. ಎರಡು ದಿನ ಅವರ ಮೇಲೂ ಕಣ್ಣಿಟ್ಟೆ, ಆದರೆ ಆ ಮನುಷ್ಯನಿಗೆ ಗೋಡೆಗೆ ಒಂದು ಮೊಳೆ ನೆಟ್ಟಗೆ ಹೊಡೆಯಲು ಬಾರದು. ಇಷ್ಟು ದುಂಡಗಿನ ತೂತು ಅವರ ಕೈಯಿಂದ ಆಗುವ ಕೆಲಸವಲ್ಲ.

ಇನ್ನು ಉಳಿದದ್ದು ಅಪ್ಪ. ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ. ಶೆಡ್ಡು ನನ್ನ ಕೈಗೆ ಬಂದ ಹೊಸದರಲ್ಲಿ ಅಪ್ಪ ನನ್ನ ಬೆನ್ನ ಹಿಂದೆಯೇ ನಿಂತಿರುತ್ತಿದ್ದ. ಬಿಸಿ ಜಾಸ್ತಿಯಾಯಿತು, ಬಿಸಿ ಸಾಲದು, ಚಮಚ ಹಿಡಿಯುವುದು ಹಾಗಲ್ಲ, ಹೀಗೆ. ಒಂದು ದಿನ ರೇಗಿ ‘ಅಪ್ಪಾ, ನನ್ನ ಕೆಲಸದಲ್ಲಿ ಇನ್ನು ಬಾಯಿ ಹಾಕಬೇಡ’ ಅಂದುಬಿಟ್ಟೆ. ‘ಸರಿ, ಹಾಕಲ್ಲ’ ಅಂದ. ಅಂದಿನಿಂದ ದೋಣಿಯ ಬಗ್ಗೆ ಒಂದು ಮಾತಿಲ್ಲ. ಊಟಕ್ಕೆ ಉಪ್ಪು ಕಮ್ಮಿ ಎನ್ನುತ್ತಾನೆ, ಭಾವನ ಗೊರಕೆ ಜಾಸ್ತಿ ಎನ್ನುತ್ತಾನೆ, ದೋಣಿ ಅಂದರೆ ಮಾತ್ರ ಬಾಯಿಗೆ ಬೀಗ. ಇಡೀ ದಿನ ಬಿಸಿಲಲ್ಲಿ ಮಗುಚಿಟ್ಟ ದೋಣಿಗಳ ನಡುವೆ ಸ್ಟೂಲು ಹಾಕಿಕೊಂಡು ಕೂತು, ಎಮ್ಮೆಯ ಮೈ ಸವರಿದ ಹಾಗೆ ಅವುಗಳ ಬೆನ್ನು ಸವರುತ್ತಿರುತ್ತಾನೆ. ಪಾಪ ಮುದುಕನಿಗೆ ಹೊತ್ತು ಹೋಗಬೇಕಲ್ಲ ಅಂದುಕೊಂಡಿದ್ದೆ. ನಿನ್ನೆ ಊಟ ಮುಗಿಸಿ ಕೈ ತೊಳೆಯುತ್ತಿರುವಾಗ ಶೆಡ್ಡಿನ ಹಿಂದಿನಿಂದ ಗುರ್ರ್ ಎಂಬ ಸದ್ದು ಬಂತು. ಹೋಗಿ ನೋಡಿದರೆ ನೀಲಿ ದೋಣಿಯ ಬೆನ್ನಿಗೆ ಮೊಣಕಾಲು ಒತ್ತಿಕೊಂಡು, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ಅಪ್ಪ ಡ್ರಿಲ್ಲು ಹಿಡಿದಿದ್ದಾನೆ. ಒಂದು ತೂತು ಮುಗಿಸಿ, ಬೆರಳಿನಿಂದ ಸವರಿ ನೋಡಿ, ಎರಡನೆಯದು ಕೊರೆಯುತ್ತಿದ್ದಾನೆ. ‘ಅಪ್ಪಾ, ಇದೇನು ಮಾಡ್ತಾ ಇದೀಯ?’ ಅಂದೆ. ತಲೆ ಎತ್ತಿ ನೋಡಿ ‘ನಿನಗೆ ಕಾಣಲ್ವಾ?’ ಅಂದ, ಅಷ್ಟೆ. ಆ ಸೊಕ್ಕು ನೋಡು. ಡ್ರಿಲ್ಲು ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ತಡೆಯಲಿಲ್ಲ, ಕೈ ಒರೆಸಿಕೊಂಡು ಎದ್ದುಹೋದ.

ರಾತ್ರಿಯೆಲ್ಲ ಯೋಚಿಸಿದೆ ಚೋಟೂ. ಒಂದೋ ಅಪ್ಪನ ತಲೆ ಕೆಟ್ಟಿದೆ, ಇಲ್ಲವೇ ಈ ಶೆಡ್ಡು ನನ್ನ ಕೈಲಾಗುವುದಿಲ್ಲ ಎಂದು ತೋರಿಸಲು ಹಟ ಹಿಡಿದು ಮಾಡುತ್ತಿದ್ದಾನೆ. ಮೊನ್ನೆ ಮೀಸೆಯವನ ಜೊತೆ ಒಂದೇ ಬೆಂಚಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದನಂತೆ. ಅದನ್ನೂ ನಾನು ಮರೆತಿಲ್ಲ. ಎರಡರಲ್ಲಿ ಯಾವುದೇ ಆಗಿರಲಿ, ಅಪ್ಪನನ್ನು ಇನ್ನು ದೋಣಿಗಳ ಹತ್ತಿರ ಬಿಡುವ ಹಾಗಿಲ್ಲ. ನಾಳೆ ಯಾರಾದರೂ ನೀರಿನ ನಡುವೆ ಮುಳುಗಿದರೆ ಏನು ಗತಿ? ನೀನು ಬಂದು ಅವನನ್ನು ನಿನ್ನಲ್ಲಿಗೆ ಕರೆದುಕೊಂಡು ಹೋಗು. ಈ ಶೆಡ್ಡು ಕಟ್ಟಿದವನನ್ನೇ ಶೆಡ್ಡಿನಿಂದ ಆಚೆ ಕಳಿಸು ಎಂದು ಬರೆಯುತ್ತಿದ್ದೇನೆ ನೋಡು. ಬೇಗ ಬಾ.

ಕೂದಲು ಒರೆಸಿಕೊಂಡು ಮಲಗು. ಹೊಟ್ಟೆ ತುಂಬ ಉಣ್ಣು. ಭಾವ ಮಲಗಿದ ಜಾಗದಿಂದಲೇ ನೆನಪು ಹೇಳಿದ್ದಾರೆ. ನೀನು ಎಲ್ಲಿದ್ದರೂ ತಣ್ಣಗಿರು.

ನಿನ್ನ,
ಅಕ್ಕ

ಇನ್ನೊಂದು ಮಾತು: ಮೇಲಿನದನ್ನು ಓದುವ ಮೊದಲು ಇದನ್ನು ಓದಿದ್ದರೆ ಚೆನ್ನಾಗಿತ್ತು. ಹಳದಿ ದೋಣಿಯನ್ನು ನೀರಿಗಿಳಿಸಬೇಡ. ಮಕ್ಕಳನ್ನು ಅದರಲ್ಲಿ ಕೂರಿಸಲೇಬೇಡ. ಕಾಗದ ಮಡಿಸಿಟ್ಟು, ವ್ಯಾನು ಬರುವವರೆಗೆ ನೀಲಿ ದೋಣಿಯ ತೂತು ಮುಚ್ಚೋಣ ಎಂದು ಬಿಸಿಲಿಗೆ ಎಳೆದೆ. ಅಪ್ಪ ಒತ್ತಿದ್ದ ಜಾಗದಲ್ಲೇ ನನ್ನ ಮೊಣಕಾಲು ಊರಿತು. ಎರಡು ತೂತಿನ ನಡುವೆ ಕೂದಲಿನಂಥ ಒಂದು ಗೆರೆ ಬಾಯಿ ಬಿಟ್ಟಿತು. ಮೊಣಕಾಲು ತೆಗೆದರೆ ಇಲ್ಲ, ಒತ್ತಿದರೆ ಇದೆ. ಕಲ್ಲಿಗೆ ಉಜ್ಜಿದ ನೂರಾರು ಗೀರುಗಳ ನಡುವೆ ಅದೂ ಒಂದು ಗೀರು ಎಂದು ಇಷ್ಟು ದಿನ ದಾಟಿಹೋಗಿದ್ದೇನೆ. ಅಪ್ಪನ ಹತ್ತಿರ ಓಡಿದೆ. ‘ಬಿರುಕು ಓಡ್ತಾ ಇರುತ್ತೆ ಮಗಳೇ. ಎರಡೂ ತುದೀಲಿ ದುಂಡಗೆ ತೂತು ಕೊರೆದರೆ ಅಲ್ಲೇ ನಿಲ್ಲುತ್ತೆ. ಆಮೇಲೆ ಬಿರುಕನ್ನೂ ಬೆಸೆಯಬೇಕು. ತೂತು ಕಂಡರೆ ಬಿರುಕು ಹುಡುಕ್ತೀಯ ಅಂದ್ಕೊಂಡೆ, ನೀನು ತೂತಷ್ಟೇ ಮುಚ್ಚಿದೆ’ ಅಂದ. ಮೊದಲೇ ಹೇಳಬಾರದಿತ್ತಾ ಎಂದು ಕೇಳಿದೆ. ‘ಬಾಯಿ ಹಾಕಬೇಡ ಅಂತ ನೀನೇ ಅಂದಿದ್ದೆ. ಹಾಕಲಿಲ್ಲ. ಕೈ ಹಾಕಬೇಡ ಅಂತ ನೀನು ಅಂದಿರಲಿಲ್ಲ.’ ನಿನ್ನ ದೋಣಿಯಲ್ಲೂ ಸೀಟಿನ ಕೆಳಗೆ ಅಂಥದೇ ಬಿರುಕಿದೆ, ಅದರ ಎರಡೂ ತುದಿಯ ತಡೆಯನ್ನು ನಾನೇ ಜಂಬದಿಂದ ಮುಚ್ಚಿ ಕಳಿಸಿದ್ದೇನೆ. ಈಗ ಅದು ಎಲ್ಲಿಯವರೆಗೆ ಓಡಿದೆಯೋ. ವ್ಯಾನಿನವನು ಹಾರ್ನು ಹೊಡೆಯುತ್ತಿದ್ದಾನೆ. ಅಪ್ಪ ಆಗಲೇ ಮುಂದಿನ ಸೀಟು ಹತ್ತಿ ಕೂತಿದ್ದಾನೆ, ತೊಡೆಯ ಮೇಲೆ ನಾನೇ ಬೀರುವಿನ ಬೀಗ ತೆಗೆದು ಕೊಟ್ಟ ಡ್ರಿಲ್ಲು, ಕಾಲ ಹತ್ತಿರ ಹೀಟ್ ಗನ್ನು. ಈ ಕಾಗದವನ್ನೂ ಅವನ ಕೈಯಲ್ಲೇ ಕೊಡುತ್ತಿದ್ದೇನೆ, ಅಂಟಿಸಲು ಪುರುಸೊತ್ತಿಲ್ಲ, ಅವನು ಬಿಚ್ಚಿ ನೋಡುವವನಲ್ಲ. ಬಂದವನೇ ಒಂದು ಮಾತೂ ಆಡದೆ ನಿನ್ನ ದೋಣಿ ಮಗುಚಿ ತೂತು ಕೊರೆಯಲು ಶುರು ಮಾಡುತ್ತಾನೆ. ತಡೆಯಬೇಡ. ಕೆಲಸ ಮುಗಿದ ಕೂಡಲೇ ಇದೇ ವ್ಯಾನಿನಲ್ಲಿ ವಾಪಸು ಕಳಿಸು, ಇಟ್ಟುಕೊಳ್ಳಬೇಡ. ಹಸಿರು, ಕೆಂಪು ಎರಡೂ ದೋಣಿಗೆ ನಾನು ಹಾಕಿದ ತೇಪೆಗಳನ್ನು ಮತ್ತೆ ಬಿಚ್ಚಬೇಕು, ಅವನು ಪಕ್ಕದಲ್ಲಿ ನಿಂತು ಬಾಯಿ ಹಾಕದಿದ್ದರೆ ನನ್ನ ಕೈಲಾಗುವುದಿಲ್ಲ.