ಕೈರಿ ಮಾಸ್ತರ

ಕಲಘಟಗಿ,
ತಾ. ೧೧-೫-೧೯೭೪, ಶನಿವಾರ

ಪ್ರೀತಿಯ ಅಕ್ಕಾ,

ನಿನ್ನ ತಮ್ಮ ಲಕ್ಷ್ಮಣ ನಿನ್ನ ಎರಡೂ ಕಾಲು ಮುಟ್ಟಿ ನಮಸ್ಕಾರ ಮಾಡಿ ಬರೆಯುತ್ತಿದ್ದೇನೆ. ಮೊದಲು ಆ ಕಾಲಿನ ವಿಚಾರವನ್ನೇ ಕೇಳುತ್ತೇನೆ. ಮೊಣಕಾಲಿನ ಬಾವು ಇಳಿಯಿತೇ? ಎಕ್ಕೆಯ ಎಲೆ ಬೆಚ್ಚಗೆ ಮಾಡಿ ಕಟ್ಟಿಕೋ ಎಂದು ಹೇಳಿ ಬಂದಿದ್ದೆ. ಕಟ್ಟಿಕೊಂಡೆಯೋ, ಇಲ್ಲಾ ‘ಕಾಲ ಅದಾವಲ್ಲ, ಸಾಕು’ ಎಂದು ಮತ್ತೆ ಯಾರದೋ ಹೊಲಕ್ಕೆ ಹೊರಟೆಯೋ? ಇಲ್ಲಿ ನಾನೂ ಫಕೀರವ್ವಳೂ ಗಂಡಹೆಂಡಿರಿಬ್ಬರೂ ಆರಾಮ ಇದ್ದೇವೆ. ಬಿಸಿಲು ಮಾತ್ರ ಈ ವರ್ಷ ಅಗದಿ ಹದ್ದು ಮೀರಿದೆ. ಸಣ್ಣಪ್ಪ ಕಾಕಾ, ಈ ಪತ್ರ ಅಕ್ಕನಿಗೆ ಓದಿ ಹೇಳುವವರು ನೀವೇ ಎಂದು ಗೊತ್ತು, ನಿಮಗೂ ನಮಸ್ಕಾರ. ಒಂದೇ ವಿನಂತಿ. ಬರೆದಷ್ಟನ್ನೇ ಓದಿರಿ. ಹೋದ ಸಲ ನಾನು ನೆಗಡಿ ಎಂದು ಬರೆದದ್ದನ್ನು ನೀವು ಜ್ವರ ಮಾಡಿ, ಆ ಜ್ವರವನ್ನು ವಿಷಮಜ್ವರ ಮಾಡಿ ಓದಿದಿರಂತೆ. ಅಕ್ಕ ಎರಡು ದಿನ ಊಟ ಬಿಟ್ಟಳಂತೆ. ಓದಿಗೆ ರುಚಿ ಬೇಕು, ನಿಜ. ಆದರೆ ನಮ್ಮಕ್ಕನ ಹೊಟ್ಟೆಯ ಮೇಲೆ ಬೇಡ.

ಅಕ್ಕಾ, ನೀನು ಹೇಳಿ ಬರೆಸಿದ ಪತ್ರ ಬಂದು ಮುಟ್ಟಿತು. ಅದರಲ್ಲಿದ್ದ ಬೈಗುಳಗಳಲ್ಲಿ ಒಂದೂ ದಾರಿಯಲ್ಲಿ ಉದುರಿಲ್ಲ. ‘ಗುಡ್ಡಾ ಹತ್ತಿ ಎಮ್ಮಿ ಕಾಯಾಕ ನಿನ್ನ ಓದಿಸಿದ್ನೇನಲೇ? ದಡ್ಡಿಗೆ ಹೋಗಾಂವ ದಡ್ಡ!’ ಎಂದಿದ್ದೀಯಲ್ಲ, ಅದನ್ನು ಓದಿ ನಾನು ನಕ್ಕೆ, ಫಕೀರವ್ವ ನನಗಿಂತ ಜೋರಾಗಿ ನಕ್ಕಳು, ಈಗ ದಿನಕ್ಕೆ ನಾಲ್ಕು ಸಲ ನನಗೆ ಅದನ್ನೇ ಅನ್ನುತ್ತಾಳೆ. ದಡ್ಡಿ ಎಂದರೆ ಇಲ್ಲಿ ಗುಡ್ಡದ ಮೇಲಿನ ಗೌಳಿಗರ ಊರು. ಇಪ್ಪತ್ತು ಗುಡಿಸಲು, ಅವುಗಳ ಐದು ಪಟ್ಟು ಎಮ್ಮೆ, ಸುತ್ತ ಅಡವಿ, ನಡುವೆ ನನ್ನ ಒಂದೇ ಖೋಲಿಯ ಶಾಲೆ. ಹೋದ ಜೂನಿನಿಂದ ನಾನು ಕಲಘಟಗಿಯಲ್ಲಿದ್ದುಕೊಂಡು ದಿನಾ ನಾಲ್ಕು ಮೈಲು ನಡೆದು ಅಲ್ಲಿಗೆ ಹೋಗಿ ಬರುತ್ತಿದ್ದೇನೆ. ಈಗ ಹುಬ್ಬಳ್ಳಿಗೆ ವರ್ಗದ ಹುಕುಂ ಬಂದಿದೆ. ಹೋಗುತ್ತೇನೋ ಒಲ್ಲೆನೋ ಎಂಬುದನ್ನು ಇಪ್ಪತ್ತನೇ ತಾರೀಖಿನೊಳಗೆ ಬರೆದುಕೊಡಬೇಕು. ನೀನಾದರೋ ‘ನಮ್ಮ ಲಕ್ಷ್ಮಣ ಹುಬ್ಬಳ್ಳ್ಯಾಗ ನಳದ ನೀರಿನ ಮನಿ ಹಿಡೀತಾನ’ ಎಂದು ಇಡೀ ಕೇರಿಗೆ ಸಾರಿ ಮುಗಿಸಿದ್ದೀ. ನನಗೋ ಹುಬ್ಬಳ್ಳಿ ಬಿಟ್ಟು ಗುಡ್ಡದ ಮೇಲೇ ಹೋಗಿ ಇರಬೇಕೆಂದು ಮನಸ್ಸಾಗಿದೆ. ನೀನು ಹೂಂ ಅನ್ನದೆ ನಾನು ಹೋಗುವುದಿಲ್ಲ, ಇಷ್ಟು ವರ್ಷ ನಿನ್ನ ಮಾತು ಮೀರಿದವನಲ್ಲ. ಆದರೆ ಎಲ್ಲ ಕೇಳಿದ ಮೇಲೆ ನೀನು ಹೂಂ ಅನ್ನುತ್ತೀ ಎಂದು ನನಗೆ ಖಾತ್ರಿ ಇದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ, ಬೈಯದೆ ಕೇಳು.

ನನಗಿಂತ ಮೊದಲು ಈ ಶಾಲೆಗೆ ಮೂವರು ಮಾಸ್ತರರು ಬಂದು ಹೋದರು. ಮೂವರೂ ‘ಮಕ್ಕಳು ಬರುವುದಿಲ್ಲ’ ಎಂದು ವರದಿ ಬರೆದರು. ಮಕ್ಕಳು ಹೇಗೆ ಬಂದಾವು? ಸರಕಾರದ ಗಡಿಯಾರದಲ್ಲಿ ಶಾಲೆ ಹನ್ನೊಂದಕ್ಕೆ ಶುರು. ಗೌಳಿಗರ ಗಡಿಯಾರ ಎಮ್ಮೆಯ ಕೆಚ್ಚಲಲ್ಲಿದೆ. ಮುಂಜಾನೆ ಹಾಲು ಹಿಂಡಿ ಮುಗಿದ ಮೇಲೆ ಎರಡು ತಾಸು ಮಕ್ಕಳು ಖಾಲಿ, ಆಮೇಲೆ ಎಮ್ಮೆ ಹೊಡೆದುಕೊಂಡು ಅಡವಿಗೆ ಹೋದರೆ ಹೊತ್ತು ಇಳಿದ ಮೇಲೇ ಬರುವುದು. ನಾನು ಇದನ್ನು ತಿಳಿದುಕೊಂಡು ನಸುಕಿನಲ್ಲಿ ಎದ್ದು ನಡೆದು, ಏಳಕ್ಕೆ ಗಂಟೆ ಬಾರಿಸಿದೆ. ಹದಿನೆಂಟು ಮಕ್ಕಳು ಬಂದವು! ಮೈಯೆಲ್ಲ ಹಾಲಿನ ವಾಸನೆ, ಬಾಯಿ ತೆರೆದರೆ ಅವರ ಮರಾಠಿ. ಈಗ ಹನ್ನೊಂದು ಮಕ್ಕಳು ಕನ್ನಡದಲ್ಲಿ ತಮ್ಮ ಹೆಸರು ಬರೆಯುತ್ತವೆ, ತಮ್ಮ ಎಮ್ಮೆಯ ಹೆಸರನ್ನಂತೂ ಎಲ್ಲರೂ ಬರೆಯುತ್ತಾರೆ. ಆದರೆ ಮಳೆಗಾಲದಲ್ಲಿ ನಡುವೆ ಎರಡು ಹಳ್ಳ ತುಂಬಿ, ನಾನು ಮುಟ್ಟುವಷ್ಟರಲ್ಲಿ ಮಕ್ಕಳು ಅಡವಿ ಸೇರಿರುತ್ತಿದ್ದವು. ಹಾಗಾಗಿ ಅಲ್ಲೇ ಇದ್ದರೆ ಮುಂಜಾನೆ ಎರಡು ತಾಸು, ಸಂಜೆ ಒಂದು ತಾಸು ಕಲಿಸಬಹುದು. ಇದು ಒಂದು ಕಾರಣ, ಸಾಹೇಬರಿಗೆ ಬರೆಯಬಹುದಾದ ಕಾರಣ. ಇನ್ನೊಂದು ಕಾರಣ ನಿನಗೆ ಮಾತ್ರ ಹೇಳುವಂಥದು. ಕಾಕಾ, ಇಲ್ಲಿ ಸ್ವಲ್ಪ ದನಿ ತಗ್ಗಿಸಿರಿ.

ಮೊದಲ ದಿನ ಗುಡ್ಡ ಹತ್ತಿ ಹೋದಾಗ ನಾಲಿಗೆ ಒಣಗಿ ಕೊರಡಾಗಿತ್ತು. ಮೊದಲ ಗುಡಿಸಲಿನ ಮುಂದೆ ಧೋಂಡೂಬಾಯಿ ಎಂಬ ಮುದುಕಿ ನಿಂತಿದ್ದಳು. ದಡ್ಡಿಯಲ್ಲಿ ಅವಳೇ ಹಿರಿಯಳು, ಅವಳ ಮಾತೇ ಕಡೆಯ ಮಾತು. ನೀರು ಕೇಳಿದೆ. ಅವಳು ತಂಬಿಗೆ ತಂದಳು. ಅಕ್ಕಾ, ನಾನು ಬೇಕೆಂದು ಮಾಡಲಿಲ್ಲ, ನನ್ನ ಮಂಡಿ ತಾನಾಗಿಯೇ ಬಾಗಿತು, ಕೈ ತಾನಾಗಿಯೇ ಬೊಗಸೆಯಾಗಿ ಬಾಯಿಗೆ ಹೋಯಿತು. ಕಿಸೆಯಲ್ಲಿ ಪೆನ್ನು ಇದೆ, ಬಗಲಲ್ಲಿ ಹಾಜರಿ ಪುಸ್ತಕ ಇದೆ, ವಯಸ್ಸು ಮೂವತ್ತೈದು. ಆದರೂ ಬಾವಿಕಟ್ಟೆಯ ಕೆಳಗೆ ನಿನ್ನ ಬಾಜು ನಿಂತು ಚಿಕ್ಕಂದಿನಲ್ಲಿ ಕಲಿತದ್ದನ್ನು ಕೈ ಮರೆತಿರಲಿಲ್ಲ. ಧೋಂಡೂಬಾಯಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಹಂಗ ಯಾಕ ಕುಂತಿ ಮಾಸ್ತರ? ಎಮ್ಮಿ ಕರಾ ಏನ ನೀ? ತಂಬಿಗಿ ಹಿಡಿ, ಕುಡಿ’ ಎಂದು ತಂಬಿಗೆಯನ್ನೇ ಕೈಗೆ ಕೊಟ್ಟಳು. ಕುಡಿದೆ.

ಆಮೇಲೆ ಹೆದರಿಕೆ ಹತ್ತಿತು. ಇವಳಿಗೆ ನನ್ನ ಜಾತಿ ಗೊತ್ತಿಲ್ಲ, ನಾಳೆ ಗೊತ್ತಾದರೆ ತಂಬಿಗೆಯನ್ನು ಕೆಂಡಕ್ಕೆ ಹಾಕಿ ಸುಡುತ್ತಾಳೆ, ಈಗಲೇ ಹೇಳಿಬಿಡುವುದು ಒಳ್ಳೆಯದು ಎನ್ನಿಸಿತು. ಇದ್ದ ಧೈರ್ಯವನ್ನೆಲ್ಲ ಒಟ್ಟು ಮಾಡಿ, ‘ಯವ್ವಾ, ನಾ ಕೇರಿಯಾಂವ’ ಎಂದೆ. ಅವಳು ಕಣ್ಣರಳಿಸಿ, ‘ಕೈರಿ? ನಿಮ್ಮಲ್ಲಿ ಕೈರಿ ಅದಾವು? ಉಪ್ಪಿನಕಾಯಿ ಹಾಕಾಕ ನನಗ ಒಂದ ಬುಟ್ಟಿ ತಗೊಂಡ ಬಾ ಮತ್ತ!’ ಎನ್ನಬೇಕೇ! ಅವರ ಮಾತಿನಲ್ಲಿ ಕೈರಿ ಎಂದರೆ ಮಾವಿನಕಾಯಿ. ಇಪ್ಪತ್ತು ಗುಡಿಸಲು ಒಂದೇ ಗುಂಪಾಗಿರುವ ಊರಿನಲ್ಲಿ, ಗುಡ್ಡ ಇಳಿಯದ ಆ ಮುದುಕಿಗೆ ಕೇರಿ ಎಂಬ ಶಬ್ದವೇ ಗೊತ್ತಿರಲಿಲ್ಲ. ನಾನಾದರೂ ‘ಅದಲ್ಲ ಯವ್ವಾ’ ಎಂದು ಬಿಡಿಸಿ ಹೇಳಬೇಕಿತ್ತು. ಹೇಳಲಿಲ್ಲ. ಒಮ್ಮೆ ಬಂದ ಧೈರ್ಯ ಎರಡನೇ ಸಲ ಬರಲಿಲ್ಲ. ಆ ವಾರವೇ ಪೇಟೆಯಲ್ಲಿ ಮಾವಿನಕಾಯಿ ಹುಡುಕಿ, ಬುಟ್ಟಿ ಹೊತ್ತು ಗುಡ್ಡ ಹತ್ತಿದೆ! ಅಂದಿನಿಂದ ಇಡೀ ದಡ್ಡಿಗೆ ನಾನು ಕೈರಿ ಮಾಸ್ತರ. ಮಕ್ಕಳೂ ಅದನ್ನೇ ಅಂದವು, ಎಮ್ಮೆಗಳಿಗೆ ಮಾತು ಬಂದಿದ್ದರೆ ಅವೂ ಅನ್ನುತ್ತಿದ್ದವು. ಮುದುಕಿ ನನಗೂ ಒಂದು ಭರಣಿ ಉಪ್ಪಿನಕಾಯಿ ಕೊಟ್ಟಳು. ರೊಟ್ಟಿಯ ಜೊತೆ ತಿನ್ನುವಾಗ ಕಳ್ಳತನದ ಊಟ ಮಾಡಿದಂತೆ ಆಗುತ್ತಿತ್ತು. ಫಕೀರವ್ವ ಮಾತ್ರ ‘ಉಪ್ಪಿನಕಾಯಿ ಭಾಳ ಚಲೋ ಆಗೇತಿ, ನಿಮ್ಮ ಮಾರಿ ಯಾಕ ಹುಳಿ?’ ಎಂದು ಚಾಷ್ಟಿ ಮಾಡುತ್ತಿದ್ದಳು.

ಹೋಗಿ ಬರುವವನಾಗಿದ್ದರೆ ಹಾಗೇ ನಡೆದುಹೋಗುತ್ತಿತ್ತೇನೋ. ಅಲ್ಲೇ ಮನೆ ಮಾಡುವ ಮನಸ್ಸಾದ ಮೇಲೆ ಸುಳ್ಳಿನ ಮೇಲೆ ಕಂಬ ನೆಡುವುದು ಹೇಗೆ? ಏಪ್ರಿಲ್‌ನಲ್ಲಿ ಶಾಲೆಗೆ ಸೂಟಿ ಬಿಡುವ ದಿನ ಎಲ್ಲರನ್ನೂ ಶಾಲೆಯ ಮುಂದೆ ಕೂಡಿಸಿ, ಈ ಸಲ ಮಾವಿನಕಾಯಿಗೆ ಜಾಗವಿಲ್ಲದಂತೆ ಬಿಡಿಸಿ ಹೇಳಿದೆ. ನಾವು ಯಾರು, ಊರಿನ ಯಾವ ಕಡೆ ಇರುತ್ತೇವೆ, ಬಾವಿಯಲ್ಲಿ ನಮಗೆ ನೀರು ಹೇಗೆ ಕೊಡುತ್ತಿದ್ದರು, ಎಲ್ಲ ಹೇಳಿದೆ. ಧೋಂಡೂಬಾಯಿ ಎದ್ದು ತನ್ನ ಎಮ್ಮೆಗಳ ಕಡೆ ಹೋದಳು. ಅವಳ ಮಗ ವಿಠೂ, ಬೆಣ್ಣೆ ಮಾರಲು ಕಲಘಟಗಿಗೆ ಬರುವವನು, ನಕ್ಕುಬಿಟ್ಟ. ‘ನನಗ ಮೊದಲ ವಾರನ ಗೊತ್ತಿತ್ತು ಮಾಸ್ತರ. ಪ್ಯಾಟ್ಯಾಗ ಯಾರೋ ಹೇಳಿದ್ರು. ನೀ ದಿನಾ ಬರ್ತಿಯೋ, ಉಳಿದ ಮಾಸ್ತರರ ಗತೆ ಓಡಿ ಹೋಗ್ತಿಯೋ, ನಾ ಅಷ್ಟ ನೋಡಾಕತ್ತಿದ್ದೆ’ ಎಂದ. ನಾನು ತಲೆ ತಗ್ಗಿಸಿ ಇಳಿದು ಬಂದೆ. ಎಲ್ಲ ಕೇಳಿ ಫಕೀರವ್ವ, ‘ಹೋದ್ರ ಗುಡ್ಡಾ ಹೋತು, ನಾಲಿಗಿ ಉಳೀತಲ್ಲ, ಏಳ್ರಿ, ಊಟ ಮಾಡ್ರಿ’ ಎಂದಳು. ನಿನ್ನ ಆಯ್ಕೆ ಅಕ್ಕಾ, ಇಂಥ ಹೆಂಡತಿಯನ್ನು ನಾನೇ ಹುಡುಕಿದ್ದರೆ ಸಿಗುತ್ತಿರಲಿಲ್ಲ.

ನಾಲ್ಕನೆಯ ದಿನ ಮುದುಕಿಯಿಂದ ಕರೆ ಬಂತು. ಹೋದೆ. ಅವಳು ಸಿಟ್ಟಿನಲ್ಲೇ ಶುರು ಮಾಡಿದಳು. ‘ನೀ ಏನರೆ ಇರು, ನನಗ ಅದರ ಗೊಡವಿ ಇಲ್ಲ. ಒಂದ ವರ್ಸ ನನ್ನ ಬಾಯಾಗ ಕೈರಿ ಇಟ್ಟ ಸುಮ್ಮ ಕುಂತೆಲ್ಲೋ! ಯಾಕ?’ ಎಂದಳು. ‘ಅಂಜಿದ್ದೆ ಯವ್ವಾ’ ಎಂದೆ. ‘ಯಾರಿಗೆ? ನನಗ?’ ಎಂದು ಕೇಳಿ, ಅವಳೇ ಕಣ್ಣು ಒರೆಸಿಕೊಂಡಳು. ನನಗೂ ತಡೆಯಲಾಗಲಿಲ್ಲ, ಅತ್ತುಬಿಟ್ಟೆ. ಎಲ್ಲರೂ ಹೀಗೆ ಎಂದು ನಿನಗೆ ಸುಳ್ಳು ಹೇಳುವುದಿಲ್ಲ. ಎರಡು ಮನೆಯ ಹೆಂಗಸರು ನಾನು ಬಂದರೆ ಇನ್ನೂ ಕೊಡ ಸರಿಸುತ್ತಾರೆ. ಆದರೆ ಸೂಟಿಯಲ್ಲೂ ನಾನು ಹೋಗಿ ಪಾಠ ಹೇಳಿದರೆ ಅವರ ಮಕ್ಕಳು ಮುಂದಿನ ಸಾಲಿನಲ್ಲೇ ಕೂಡುತ್ತವೆ, ಉಳಿದದ್ದಕ್ಕೆ ವರ್ಷ ಹಿಡಿಯಲಿ, ನಾನು ಅವಸರದವನಲ್ಲ. ಮೊದಲ ನೌಕರಿಯ ಊರು ನೆನಪಿದೆಯೇ ನಿನಗೆ? ಖಾಲಿ ಇದ್ದ ಮನೆಗೆಲ್ಲ ನನ್ನ ಅಡ್ಡಹೆಸರು ಕೇಳುತ್ತಲೇ ಎಲ್ಲಿಂದಲೋ ಬೀಗರು ಬಂದಿಳಿಯುತ್ತಿದ್ದರು. ಈ ದಡ್ಡಿಯಲ್ಲಿ ಬಂದು ಇರುತ್ತೇನೆ ಎಂದಾಗ ಧೋಂಡೂಬಾಯಿ ನಮ್ಮ ಗುಡಿಸಲಿಗೆ ತೋರಿಸಿದ ಜಾಗ ತನ್ನ ಮನೆಯ ಬಾಜು. ನಡು ಊರಿನಲ್ಲಿ ಅಕ್ಕಾ, ಹೊರಗಲ್ಲ. ಕಾಕಾ, ಈ ಸಾಲನ್ನು ಎರಡು ಸಲ ಓದಿರಿ.

ಆದರೆ ಒಂದು ತೊಡಕು ಇದೆ. ‘ಓಡಿ ಹೋದ ಮಾಸ್ತರರನ್ನ ಮೂರ ಮಂದೀನ ನೋಡೀವಿ. ನಿನ್ನ ಮಾತೊಂದ ಸಾಕಾಗಂಗಿಲ್ಲ. ನಿಮ್ಮ ಮನ್ಯಾಗಿನ ಹಿರೇ ಹೆಣಮಗಳು ಹೂಂ ಅನಬೇಕು’ ಎಂದು ಧೋಂಡೂಬಾಯಿ ಪಟ್ಟು ಹಿಡಿದಿದ್ದಾಳೆ. ಹಿರಿಯಳು ಎಂದರೆ ನಮ್ಮಕ್ಕ ಬಸವಣ್ಣೆವ್ವ, ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆಯ ದಿನ ಅಕಾಲದ ಮಳೆ ಬಂದಾಗ ಎರಿಮಣ್ಣಿನ ರಾಡಿಯಲ್ಲಿ ನನ್ನ ಒಣ ಅಂಗಿಯನ್ನು ತಲೆಯ ಮೇಲಿಟ್ಟುಕೊಂಡು ಕುಂದಗೋಳದ ತನಕ ಬಂದವಳು, ಅವಳ ಮಾತೆಂದರೆ ನನಗೆ ಮಾತು ಎಂದು ಹೇಳಿ ಬಂದಿದ್ದೇನೆ. ಫಕೀರವ್ವಳೂ ‘ಅಕ್ಕಾರು ಹೂಂ ಅಂದ್ರ ನಾಳೆನ ಗಂಟ ಕಟ್ತೀನಿ’ ಅನ್ನುತ್ತಾಳೆ. ಹೀಗೆ ಎಲ್ಲರೂ ನಿನ್ನ ಬಾಯಿ ನೋಡುತ್ತಿದ್ದೇವೆ. ನಿನ್ನ ಮನಸ್ಸಿನಲ್ಲಿದ್ದದ್ದನ್ನು ಕಾಕಾರ ಕೈಯಿಂದ ಬರೆಸಿ ಬೇಗ ಕಳಿಸು. ಬೈಗುಳ ಇದ್ದರೂ ಇರಲಿ, ಹೂಂ ಎಂಬುದೊಂದು ನಡುವೆ ಎಲ್ಲಾದರೂ ಇದ್ದರೆ ಸಾಕು. ಟಪಾಲನ್ನು ಈಗ ನಂಬುವಂತಿಲ್ಲ, ರೈಲು ಮುಷ್ಕರ ನಡೆದಿದೆ. ಬಳೆಗಾರ ದಾವೂದಸಾಬರು ನಾಳೆ ನಿಮ್ಮ ಕಡೆಗೇ ಹೊರಟಿದ್ದಾರೆ, ಅವರ ಕೈಯಲ್ಲೇ ಈ ಪತ್ರ ಕೊಟ್ಟು ಕಳಿಸುತ್ತೇನೆ.

ಕೇರಿಯ ಹಿರಿಯರಿಗೆಲ್ಲ ನನ್ನ ನಮಸ್ಕಾರ, ಸಣ್ಣವರಿಗೆ ಪ್ರೀತಿ. ಫಕೀರವ್ವ ನಿನ್ನ ಪಾದಕ್ಕೆ ಹಣೆ ಹಚ್ಚಿ ಶರಣು ಹೇಳಿದ್ದಾಳೆ. ಮೊಣಕಾಲು ಜೋಪಾನ.

ನೀನು ಬೆಳೆಸಿದ ಕೂಸು,
ಲಕ್ಷ್ಮಣಪ್ಪ

ತಾ.ಕ.: ದಾವೂದಸಾಬರು ಬಾಗಿಲಲ್ಲೇ ನಿಂತಿದ್ದಾರೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಈಗಷ್ಟೇ ವಿಠೂ ಬಂದು ಹೇಳಿದ. ಧೋಂಡೂಬಾಯಿ ಪತ್ರದ ಮಾತು ಒಲ್ಲಳಂತೆ. ‘ನಾವು ಬರೇ ಮಾಸ್ತರನ್ನ ತರಾಕತ್ತಿಲ್ಲ, ಒಂದ ಮನೀನ ತರಾಕತ್ತೀವಿ. ಮನಿ ನೋಡದ ತರ್ತಾರೇನ? ನಾನ ಹೋಗಿ ಆ ಅಕ್ಕನ ಬಾಯಿಲೆ ಕೇಳ್ತೀನಿ’ ಎಂದಳಂತೆ. ಬರುವ ಬುಧವಾರ ಮಗನ ಜೊತೆ ಕುಬಿಹಾಳಕ್ಕೆ ಬರುತ್ತಾಳೆ. ನಮ್ಮ ಕೇರಿಗೆ, ನಮ್ಮ ಮನೆಗೆ, ನಿನ್ನನ್ನು ಕೇಳಲು. ಆ ಮುದುಕಿ ಜನ್ಮದಲ್ಲಿ ಬಸ್ಸು ಹತ್ತಿದವಳಲ್ಲ, ಅಕ್ಕಾ. ಇಷ್ಟು ವರ್ಷ ನಿನಗೆ ಹೀಗೆ ಮಾಡು ಎಂದು ಹೇಳಿದವರೇ ಎಲ್ಲ, ಹೊರಗಿನವರು ಯಾರೂ ಬಂದು ‘ನಿನ್ನ ಮನಸಿನ್ಯಾಗ ಏನೈತಿ’ ಎಂದು ಕೇಳಿರಲಿಲ್ಲ. ಒಲ್ಲೆ ಅನ್ನಬೇಕೆನಿಸಿದರೆ ಒಲ್ಲೆ ಅನ್ನು. ಹುಬ್ಬಳ್ಳಿಗೆ ಹೋಗುತ್ತೇನೆ, ಮುಖ ಸಣ್ಣದು ಮಾಡುವುದಿಲ್ಲ. ಇದೊಂದನ್ನು ಮಾತ್ರ ನಡೆಸಿಕೊಡು. ಅವಳು ಬಾಗಿಲಿಗೆ ಬಂದಾಗ ಸೆರಗು ಎಳೆದುಕೊಂಡು ಗೋಡೆಯ ಕಡೆ ಸರಿದು ನಿಲ್ಲಬೇಡ. ಚಾಪೆ ಹಾಸು, ಅವಳನ್ನು ಕೂಡಿಸು, ಅದೇ ಚಾಪೆಯ ಮೇಲೆ ನೀನೂ ಕೂಡು. ಕೂತು ಹೇಳು.