ಚೇಳಿಗೂ ಕೊಂಡಿ ಇರ್ತೈತಿ

ಇಳಕಲ್ಲ

ಧರ್ಮರಾಜ ಸರ್ ಅವರಿಗೆ,

ನಿಮ್ಮ ಸಂಶೋಧನಾ ವಿದ್ಯಾರ್ಥಿನಿ ಫರಹಾನಾ ಮಾಡುವ ನಮಸ್ಕಾರ.

ನಿನ್ನಿ ನಿಮ್ಮ ಭಾಷಣದ ವಿಡಿಯೋ ನೋಡಿದೆ. ಛಲೋ ಮಾತಾಡೀರಿ. ಚಿಪ್ಪಿನೊಳಗಿನ ಪ್ರೊಸೆಸರುಗಳು ಒಂದಕ್ಕೊಂದು ಸಂದೇಶ ಕಳಸೂ ಎರಡು ನಮೂನಿ ಜಾಲಗಳನ್ನ ಬಾಗಲಕೋಟಿ ಲ್ಯಾಬಿನ ಎಫ್‌ಪಿಜಿಎ ಬೋರ್ಡಿನ ಮ್ಯಾಲೆ ಕಟ್ಟಿ, ಹೋಲಿಸಿ ನೋಡಿದಾಕಿ ನಾ. ಪರದೆ ಮ್ಯಾಲೆ ನಿಮ್ಮ ಹೆಸರಷ್ಟ ಇತ್ತು. ಅದರ ಸಲುವಾಗಿ ಈ ಪತ್ರ ಬರ್ಯಾಕತ್ತಿಲ್ಲ.

ಆ ಎರಡರಾಗ ಗೆದ್ದ ಜಾಲಕ್ಕ ‘ಕೊಂಡಿ’ ಅಂತ ಯಾಕ ಹೆಸರಿಟ್ಟೀರಿ ಅಂತ ಸಭಾದಾಗ ಒಬ್ಬರು ಕೇಳಿದ್ರು. ಚೇಳಿನ ಕೊಂಡಿ ಹಂಗ ಚುರುಕು ಐತಿ, ಅದಕ್ಕ ಅಂದ್ರಿ. ಮಂದಿ ಚಪ್ಪಾಳಿ ತಟ್ಟಿದ್ರು.

ಸರ್, ನಮ್ಮ ಮನ್ಯಾಗ ಕೊಂಡಿ ಅಂದ್ರ ಸೀರಿ ಒಡಲಿನ ಎಳಿಗೆ ಸೆರಗಿನ ಎಳಿ ಸಿಗಿಸೂ ಕುಣಿಕಿ. ನಮ್ಮ ಅಮ್ಮಿ ಒಂದೊಂದ ಎಳಿ ಹಿಡದು ಕೈಲೇ ಹಾಕ್ತಾಳ. ನನ್ನ ಜಾಲದಾಗ ಪ್ರೊಸೆಸರುಗಳ ಎರಡು ಉಂಗುರ ಕೂಡೂದೂ ಹಂಗ. ಹೆಸರು ಅಲ್ಲಿಂದ ಬಂದದ್ದು.

ಈ ಜಾಲದ ಮ್ಯಾಲಿನ ಲೇಖನ ಅಚ್ಚಾಗೂ ಮೊದಲ, ಹೆಸರು ಎಲ್ಲಿಂದ ಬಂತು ಅನ್ನೂ ಆ ಒಂದು ಸಾಲು ತಿದ್ರಿ. ನನ್ನ ಹೆಸರು ಹಾಕೂದು ಬಿಡೂದು ನಿಮಗ ಬಿಟ್ಟದ್ದು.

ನೀವು ಹೇಳಿದ್ದೂ ಪೂರಾ ತಪ್ಪಲ್ಲ. ಚೇಳಿಗೂ ಕೊಂಡಿ ಇರ್ತೈತಿ. ಅದು ಏನನ್ನೂ ಕೂಡಸೂದಿಲ್ಲ. ಅದರ ಕೆಲಸ ಏನಂತ ನನಗ ನಿನ್ನಿ ತಿಳೀತು.

ಇಂತಿ,
ಫರಹಾನಾ