ಹನ್ನೊಂದು ಗಂಟೆಗೆ ಎರಡು ಕಡೆ ಇರಬೇಕಾದವರು

ಮಾನ್ಯ ರಿಜಿಸ್ಟ್ರಾರ್ ಅವರೇ,

ರಾಜ್ಯಶಾಸ್ತ್ರವನ್ನೂ ತತ್ತ್ವಶಾಸ್ತ್ರವನ್ನೂ ಒಟ್ಟಿಗೆ ಕಲಿಸುವ ಪದವಿಯೊಂದನ್ನು ತಮ್ಮ ವಿಶ್ವವಿದ್ಯಾನಿಲಯ ಕಳೆದ ಜೂನ್‌ನಲ್ಲಿ ತೆರೆಯಿತು. ಈ ಮಾರ್ಚ್‌ನಲ್ಲಿ, ಹಾಜರಿ ಸಾಲದೆಂದು ಅದರ ಎಲ್ಲ ವಿದ್ಯಾರ್ಥಿಗಳಿಗೂ ಪರೀಕ್ಷೆಯನ್ನು ನಿರಾಕರಿಸಿದೆ. ಎಲ್ಲ ಎಂದರೆ ಇಬ್ಬರು: ಜಕ್ಕೂರಿನ ನಾನು, ಯಲಹಂಕದ ಮನ್ಸೂರ್. ಇದು ಪತ್ರಿಕೆಗೆ ಬರೆಯುವಂಥ ಸಂಗತಿಯೇ ಎಂದು ತಾವು ಕೇಳಬಹುದು. ತಮ್ಮ ಕಚೇರಿಗೆ ಕೊಟ್ಟ ಅರ್ಜಿಗಳಿಗೆ ಉತ್ತರ ಬಂದಿದ್ದರೆ ಪತ್ರಿಕೆಯವರಿಗೆ ಈ ತೊಂದರೆ ಕೊಡುತ್ತಿರಲಿಲ್ಲ.

ಉದ್ಘಾಟನೆಯ ದಿನ ತಾವು ಮಾಡಿದ ಭಾಷಣ ನನಗಿನ್ನೂ ನೆನಪಿದೆ. ಆಳುವವನಿಗೆ ವಿವೇಕ ಬೇಕು, ವಿವೇಕಿಗೆ ಲೋಕ ಗೊತ್ತಿರಬೇಕು, ಹೊಸ ಗಣರಾಜ್ಯಕ್ಕೆ ಇಂಥ ಯುವಕರೇ ಆಧಾರ ಎಂದಿರಿ. ನಾವು ಚಪ್ಪಾಳೆ ತಟ್ಟಿದೆವು. ಮರುದಿನ ವೇಳಾಪಟ್ಟಿ ನೋಡಿದರೆ ಎರಡು ಶಾಸ್ತ್ರಗಳ ಪಾಠವೂ ಹನ್ನೊಂದು ಗಂಟೆಗೇ! ಒಂದು ಹಳೆಯ ಕಟ್ಟಡದಲ್ಲಿ, ಇನ್ನೊಂದು ಮೈದಾನದಾಚೆಯ ಹೊಸ ಕಟ್ಟಡದಲ್ಲಿ. ಗಣರಾಜ್ಯದ ಆಧಾರಗಳು ಒಂದೇ ಹೊತ್ತಿಗೆ ಎರಡು ಕಡೆ ನಿಲ್ಲುವುದು ಹೇಗೆ ಸ್ವಾಮಿ? ರಾಜ್ಯಶಾಸ್ತ್ರದ ಮುಖ್ಯಸ್ಥರನ್ನು ಕೇಳಿದರೆ, "ನೀವು ಆ ತತ್ತ್ವಶಾಸ್ತ್ರದೋರಲ್ವೇನ್ರಯ್ಯಾ? ಅವರ ಹತ್ರಾನೇ ಹೋಗಿ" ಎಂದರು. ಅವರ ಹತ್ತಿರ ಹೋದರೆ, "ಗಂಟೆ ಬದಲಾಯಿಸೋಕೆ ನಾನ್ಯಾರಪ್ಪ? ಅವರು ಬದಲಾಯಿಸ್ಲಿ" ಎಂದು ಕನ್ನಡಕ ಒರೆಸಿಕೊಂಡರು. ಇಬ್ಬರು ಮುಖ್ಯಸ್ಥರ ನಡುವೆ ಮಾತುಕತೆಯೇ ಇಲ್ಲವೆಂದು ಆಮೇಲೆ ಜವಾನ ತಿಳಿಸಿದ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಇಲ್ಲಿ ಕೂಸುಗಳು ಎರಡಿದ್ದವು, ಅಷ್ಟೆ.

ಕೊನೆಗೆ ನಾವೇ ಒಂದು ದಾರಿ ಮಾಡಿಕೊಂಡೆವು. ಮನ್ಸೂರ್ ರಾಜ್ಯಶಾಸ್ತ್ರದ ಪಾಠಕ್ಕೆ, ನಾನು ತತ್ತ್ವಶಾಸ್ತ್ರದ ಪಾಠಕ್ಕೆ. ಸಂಜೆ ಯಲಹಂಕದ ರೈಲಿನಲ್ಲಿ ಅವನು ಕೇಳಿದ್ದನ್ನು ನನಗೆ ಹೇಳಬೇಕು, ನಾನು ಕೇಳಿದ್ದನ್ನು ಅವನಿಗೆ. ಯಶವಂತಪುರ ದಾಟುವಷ್ಟರಲ್ಲಿ ವಾದ ಹತ್ತಿಕೊಳ್ಳುತ್ತಿತ್ತು. ಪೇಟೆಯಲ್ಲಿ ಸೊಪ್ಪು ಮಾರಿ ಖಾಲಿ ಬುಟ್ಟಿಯೊಂದಿಗೆ ಹಿಂದಿರುಗುತ್ತಿದ್ದ ಲಕ್ಷ್ಮಿದೇವಮ್ಮ ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟರು:

"ದಿನಾ ಇಂಗ್ ಕಿತ್ತಾಡ್ತೀರಲ್ಲ, ಆಸ್ತಿ ಇಚಾರಾನಾ?"

"ಇಲ್ಲಮ್ಮ, ಜನ ಯಾಕೆ ಸರ್ಕಾರದ ಮಾತು ಕೇಳ್ಬೇಕು ಅಂತ" ಎಂದೆ.

"ಕೇಳ್ದಿದ್ರೆ ಬಿಟ್ಟಾರಾ?"

ಮನ್ಸೂರ್ ತೊಡೆ ತಟ್ಟಿ ನಕ್ಕ. "ನೋಡಿದ್ಯಾ? ಬಿಡಲ್ಲ ಅನ್ನೋದು ನನ್ನ ಸಬ್ಜೆಕ್ಟು. ಬಿಡ್ದೇ ಇರೋದು ಸರೀನಾ ಅನ್ನೋದು ನಿನ್ನ ಸಬ್ಜೆಕ್ಟು."

ತಾವು ಭಾಷಣದಲ್ಲಿ ಹೊಗಳಿದ ಪದವಿ ನಡೆದದ್ದು ಆ ಮೂರನೇ ದರ್ಜೆಯ ಡಬ್ಬಿಯಲ್ಲಿ. ಅಲ್ಲಿ ಹಾಜರಿ ಕೂಗುವವರು ಯಾರೂ ಇರಲಿಲ್ಲ.

ಹೀಗಾಗಿ ಅವನಿಗೆ ತತ್ತ್ವಶಾಸ್ತ್ರದಲ್ಲಿ ಹಾಜರಿ ಇಲ್ಲ, ನನಗೆ ರಾಜ್ಯಶಾಸ್ತ್ರದಲ್ಲಿ ಇಲ್ಲ. ತಾವು ದೊಡ್ಡ ಮನಸ್ಸು ಮಾಡಿ ಒಂದು ರಿಯಾಯಿತಿ ತೋರಿಸಿದಿರಿ. ಈ ಪದವಿಯನ್ನೇ ಮುಚ್ಚುವುದು, ಇಬ್ಬರಲ್ಲಿ ಒಬ್ಬನನ್ನು ಅವನು ಪಾಠ ಕೇಳಿದ ಒಂದೇ ವಿಷಯಕ್ಕೆ ಸೇರಿಸಿಕೊಳ್ಳುವುದು. ಖಾಲಿ ಇರುವುದು ಒಂದೇ ಸೀಟಂತೆ. ಯಾರೆಂದು ನಾವೇ ಮಾತಾಡಿಕೊಂಡು ಸೋಮವಾರ ಬಂದು ರುಜು ಹಾಕಬೇಕಂತೆ. ಇದನ್ನು ಕೇಳಿದ ದಿನ ಸಂಜೆ ಯಶವಂತಪುರ ದಾಟಿದರೂ ವಾದ ಹತ್ತಿಕೊಳ್ಳಲಿಲ್ಲ. ಮೈಯಲ್ಲಿ ಹುಷಾರಿಲ್ಲವೇ ಎಂದು ಲಕ್ಷ್ಮಿದೇವಮ್ಮ ವಿಚಾರಿಸಿದರು.

ಮರುದಿನ ಮನ್ಸೂರ್ ಸ್ಟೇಷನ್ನಿಗೆ ಬರಲಿಲ್ಲ. ಹುಡುಕಿಕೊಂಡು ಹೋದರೆ, ಅವನ ತಂದೆ ಲಾಲ್ ಸಾಬ್ ಅವರ ಸೈಕಲ್ ಅಂಗಡಿಯಲ್ಲಿ ಕೂತು ಪಂಕ್ಚರ್ ಹಾಕುತ್ತಿದ್ದ.

"ನೀನ್ ಹೋಗಿ ರುಜು ಹಾಕು. ಒಬ್ನಾದ್ರೂ ಪರೀಕ್ಷೆ ಬರೀಲಿ."

"ಇದು ನ್ಯಾಯ ಅಲ್ಲ ಕಣೋ."

"ನ್ಯಾಯ ನಿನ್ನ ಸಬ್ಜೆಕ್ಟು" ಎಂದ, ತಲೆ ಎತ್ತದೆ. "ಸೀಟು ಒಂದೇ ಇರೋದು ನನ್ನ ಸಬ್ಜೆಕ್ಟು."

ನನಗೆ ಅಳು ಬಂತು. ಅವನು ಪಂಪು ನನ್ನ ಕೈಗೆ ಕೊಟ್ಟು ಗಾಳಿ ಹೊಡಿ ಎಂದ. ಹೊಡೆದೆ.

ಮಾನ್ಯರೇ, ನನ್ನ ಬೇಡಿಕೆ ಇಷ್ಟು. ಇಬ್ಬರನ್ನೂ ಎರಡೂ ವಿಷಯಗಳ ಪರೀಕ್ಷೆಗೆ ಕೂರಿಸಿ. ಉತ್ತರ ಬರದಿದ್ದರೆ ಫೇಲು ಮಾಡಿ, ಒಂದು ಮಾತೂ ಆಡುವುದಿಲ್ಲ. ಆದರೆ ಇದು ಆಗುತ್ತದೆಂಬ ನಂಬಿಕೆ ನನಗಿಲ್ಲ. ತಾವು ಪರಿಶೀಲಿಸುತ್ತೀರಿ, ಪರಿಶೀಲನೆ ಮುಗಿಯುವ ಹೊತ್ತಿಗೆ ಮನ್ಸೂರನ ತಲೆಯಿಂದ ಓದೇ ಇಳಿದುಹೋಗಿರುತ್ತದೆ. ಸೋಮವಾರ ನಾನು ಬಂದು ರುಜು ಹಾಕುತ್ತೇನೆ. ಹಾಕದಿದ್ದರೆ ಅಪ್ಪ ಮನೆಗೆ ಸೇರಿಸುವುದಿಲ್ಲ, ಮನ್ಸೂರನೂ ನನ್ನ ಮುಖ ನೋಡುವುದಿಲ್ಲ. ಹಾಕಿದರೆ ಅವನ ಮುಖ ನೋಡಲು ನನ್ನಿಂದಾಗುವುದಿಲ್ಲ. ಇದಕ್ಕೆ ಪರಿಹಾರ ಯಾವ ಶಾಸ್ತ್ರದಲ್ಲಿದೆ, ತಮಗಾದರೂ ಗೊತ್ತೇ?

ಇನ್ನೊಂದು ವಿಷಯ. ಮುಚ್ಚಿದ ಈ ಪದವಿಯ ಹೆಸರು ಬರುವ ವರ್ಷದ ಪ್ರಾಸ್ಪೆಕ್ಟಸ್‌ನಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿದೆ. ಅದನ್ನಾದರೂ ದಯವಿಟ್ಟು ಹೊಡೆದುಹಾಕಿಸಿ. ಶೆಟ್ಟಿಹಳ್ಳಿಯಿಂದಲೋ ಹೆಬ್ಬಾಳದಿಂದಲೋ ಇನ್ನಿಬ್ಬರು ಗೆಳೆಯರು ಅದನ್ನು ನಂಬಿಕೊಂಡು ಬಂದುಬಿಟ್ಟಾರು.

ಇಂತಿ,
ಅರ್ಧ ಓದಿಗೆ ಇಡೀ ಗೆಳೆಯನನ್ನು ತೆರಲಿರುವ
ಚನ್ನಕೇಶವ
ಜಕ್ಕೂರು, ಮಾರ್ಚ್ ೧೯೬೨